ವೀರವ್ವನ ಮನೆಯಲ್ಲಿ ಎಲ್ಲವೂ ಹೆಚ್ಚಾಗಿತ್ತು

ಗಜೇಂದ್ರಗಡದ ನಮ್ಮ ನೇಕಾರರ ಓಣಿಯಲ್ಲಿ ವೀರವ್ವನ ಬಾಯಿಗೆ ಹೆದರದವರು ಇಬ್ಬರೇ. ಒಬ್ಬ ಕಾಲಕಾಲೇಶ್ವರ, ಇನ್ನೊಬ್ಬ ಅವಳ ಗಂಡ ಮುದಿಯಪ್ಪ. ದೇವರು ದೂರದ ಗುಡ್ಡದಲ್ಲಿದ್ದ, ಗಂಡನಿಗೆ ಕಿವಿ ಮಂದ.

ಅಂಥ ಬಾಯಿಂದಲೂ ಒಂದು ಮಾತು ಹೊರಡುತ್ತಿರಲಿಲ್ಲ. ಮನೆಯಲ್ಲಿ ಏನಾದರೂ ತೀರಿದರೆ ಅವಳು 'ಇಲ್ಲ' ಎನ್ನುತ್ತಿರಲಿಲ್ಲ. ಇಲ್ಲ ಎಂದರೆ ಆ ಇಲ್ಲವೇ ಬಂದು ಮನೆಯಲ್ಲಿ ಕೂರುತ್ತದೆಂದು ಅತ್ತೆ ಕಲಿಸಿದ್ದಳು. ಉಪ್ಪು ತೀರಿದರೆ 'ಉಪ್ಪು ಹೆಚ್ಚಾಗೈತಿ', ಬಳೆ ಒಡೆದರೆ 'ಬಳಿ ಹೆಚ್ಚಾಗ್ಯಾವ'. ನಮ್ಮ ಕಡೆ ಎಲ್ಲರೂ ಅನ್ನುವುದು ಹಾಗೇ. ಡಬ್ಬಿ ಬರಿದಾದಷ್ಟೂ ನಮ್ಮ ಮನೆಗಳಲ್ಲಿ ಹೆಚ್ಚಾಗುತ್ತಲೇ ಇರುತ್ತದೆ.

ಐವತ್ತೆರಡರ ಚುನಾವಣೆ ಮುಗಿದ ಮೇಲೆ ಆಗಿನ ನಮ್ಮ ರಾಜಧಾನಿ ಮುಂಬಯಿಯಿಂದ ಒಬ್ಬ ಸಾಹೇಬ ಬಂದ. ಸರಕಾರದ ಧೋರಣೆಗಳ ಬಗ್ಗೆ ಮತದಾರರ ಅಭಿಪ್ರಾಯ ಕೇಳುವುದು ಅವನ ಕೆಲಸ. ವೋಟು ಹಾಕಿಸಿಕೊಂಡ ಮೇಲೂ ನಮ್ಮನ್ನು ಮಾತಾಡಿಸುವವರು ಇದ್ದಾರೆಂದು ಯಾರಿಗೆ ಗೊತ್ತಿತ್ತು? ಪಾಪ, ಅವನ ಕನ್ನಡ ಪುಸ್ತಕದಿಂದ ಕಲಿತದ್ದು.

"ಸರಕಾರವು ಹಂಚುವ ನೂಲಿನ ವಿಷಯದಲ್ಲಿ ತಮ್ಮ ಅಭಿಪ್ರಾಯವೇನು?"

ಆಗ ನೂಲು ಸರಕಾರದ ಹಂಚಿಕೆಯಿಂದಲೇ ಬರಬೇಕಿತ್ತು. ಅದು ಸಾಲದೆ ವೀರವ್ವನ ಮಗ್ಗ ನಿಂತಿತ್ತು.

"ನೂಲು ಹೆಚ್ಚಾಗೈತ್ರಿ," ಎಂದಳು.

ಸಾಹೇಬನ ಮುಖ ಅರಳಿತು. ಪಕ್ಕದ ಮನೆಯಲ್ಲೂ ಅದೇ ಉತ್ತರ, ಅದರಾಚೆಯ ಮನೆಯಲ್ಲೂ ಅದೇ. ಇಡೀ ಓಣಿ ಇಷ್ಟು ಒಮ್ಮತದಿಂದ ಮಾತಾಡಿದ್ದು ಅದೇ ಮೊದಲು. ಮುಂದಿನ ತಿಂಗಳು ನಮ್ಮ ಪಾಲಿನ ನೂಲು ಅರ್ಧಕ್ಕಿಳಿಯಿತು.

"ಹೆಚ್ಚಾಗೈತಿ ಅಂತ ನೀವ ಹೇಳೀರಂತ," ಎಂದ ಹಂಚುವವನು.

ನೇಯುವವರು ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಲ್ಲಿ ಕೋಳಿ ಕಾವಿಗೆ ಕೂತಿತು. ಹೀಗೇ ಆದರೆ ಮಗ್ಗ ಮಾರಿ ಸವಡಿಯ ಹೊಲಗಳಿಗೆ ಕೂಲಿ ಹೋಗಬೇಕಾದೀತು ಎಂದು ವೀರವ್ವ ಗಂಡನಿಗೆ ಮೆಲ್ಲಗೆ ಹೇಳಿದಳು. ಅಂದು ಮಾತ್ರ ಅವನಿಗೆ ಕೇಳಿಸಿತು.

ಬೇಸಿಗೆಯಲ್ಲಿ ಸಾಹೇಬ ಮತ್ತೆ ಅಭಿಪ್ರಾಯ ಕೇಳಲು ಬಂದ. ಬಿಸಿಲಲ್ಲಿ ಬಳಲಿ ವೀರವ್ವನ ಕಟ್ಟೆಯ ಮೇಲೆ ಕುಸಿದ.

"ಊಟಕ್ಕೆ ಏನಾದರೂ ಇದೆಯೇ, ತಾಯಿ?"

"ರೊಟ್ಟಿ ಹೆಚ್ಚಾಗ್ಯಾವ್ರಿ. ಪಲ್ಯಾನೂ ಹೆಚ್ಚಾಗೈತಿ."

ಸಾಹೇಬ ಕೈಕಾಲು ತೊಳೆದು, ಅಂಗಿಯ ತೋಳು ಮಡಚಿ, ಚಕ್ಕಂಬಕ್ಕಳ ಹಾಕಿ ಕೂತ. ಕೂತೇ ಕೂತ. ತಾಟು ಬರಲಿಲ್ಲ. ವೀರವ್ವ ಎದುರಿಗೆ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಹೆಚ್ಚಾಗಿದೆ ಎಂದಿರಲ್ಲ, ತಾಯಿ?"

"ಹೌದ್ರಿ. ಒಳಗ ಬಂದು ನೋಡ್ರಿ. ನೂಲೂ ಹಿಂಗ ಹೆಚ್ಚಾಗಿತ್ತು."

ಸಾಹೇಬ ಒಳಗೆ ಹೋಗಿ ತಣ್ಣಗಿದ್ದ ಒಲೆ ನೋಡಿದ, ಕುಣಿಯಲ್ಲಿದ್ದ ಕೋಳಿ ನೋಡಿದ. ಅವನ ಮುಖ ಸಣ್ಣದಾಯಿತು. ಇವತ್ತೇ ಮುಂಬಯಿಗೆ ತಿಳಿಸಿ ನೂಲು ತರಿಸುತ್ತೇನೆ ಎಂದ. ಆದರೂ ಹುಟ್ಟುಗುಣ ಸುಟ್ಟರೂ ಹೋಗದು, ಹೊರಡುವಾಗ ಒಂದು ಪ್ರಶ್ನೆ ಕೇಳಿಯೇ ಬಿಟ್ಟ.

"ಸರಕಾರದ ಮೇಲೆ ತಮಗೆ ನಂಬಿಕೆ ಇದೆಯೇ?"

"ಭಾಳ ಹೆಚ್ಚಾಗೈತ್ರಿ," ಎಂದಳು ವೀರವ್ವ.

ಸಾಹೇಬ ಪೆನ್ನಿಗೆ ಮುಚ್ಚಳ ಹಾಕಿದ.