ಮೂರು ಬಟ್ಟಲಿನ ಹಡಗು

ಉತ್ತರ ಜರ್ಮನಿಯ ಎಮ್ಸ್ ನದಿಯ ಏರಿಯ ಮೇಲೆ ಕುರಿ ಮೇಯಿಸುತ್ತಲೇ ಮುದುಕಿಯಾದ ಗೇಶೆಗೆ ಪ್ರವಾಸಿ ಹಡಗನ್ನು ಅಳೆಯಲು ಚಹಾ ಸಾಕಾಗಿತ್ತು. ಮೇಲಿನ ಊರಿನಲ್ಲಿ ಕಟ್ಟಿದ ಹೊಸ ಹಡಗು ಕಡಲು ಸೇರಬೇಕಾದರೆ ಅವಳ ಮನೆಯೆದುರಿನ ಕಿರಿದಾದ ನದಿಯಲ್ಲೇ, ಹಿಂದುಹಿಂದಕ್ಕೆ, ಮೆಲ್ಲಗೆ ಜಾರಿ ಹೋಗಬೇಕು. ಅವಳ ಮಗಳು ಕೈಗೂಸಾಗಿದ್ದಾಗ ಒಂದು ಬಟ್ಟಲು ಮುಗಿಯುವಷ್ಟರಲ್ಲಿ ಹಡಗು ದಾಟಿಬಿಡುತ್ತಿತ್ತು. ಮಗಳ ಮದುವೆಯ ಹೊತ್ತಿಗೆ ಎರಡು ಬೇಕಾಯಿತು, ಮೊಮ್ಮಗ ಹುಟ್ಟಿದಾಗ ಮೂರು. ಆ ಸೀಮೆಯಲ್ಲಿ ಮೂರು ಬಟ್ಟಲು ಕುಡಿಯದೆ ಏಳುವುದು ಅವಮರ್ಯಾದೆ. ಮೂರಾದ ಮೇಲೆ ಬಟ್ಟಲೊಳಗೆ ಚಮಚ ನಿಲ್ಲಿಸಿದರೆ ಸಾಕೆಂದು ಅರ್ಥ.

ಪ್ರತಿ ಸಲವೂ ಅವಳ ತಮ್ಮ ರೆಂಕೊನದು ಒಂದೇ ರಾಗ: "ಇದೇ ಕೊನೆ ಕಣಕ್ಕ. ಇದಕ್ಕಿಂತ ದೊಡ್ಡದು ಈ ಹೊಳೇಲಿ ಹಿಡಿಯಲ್ಲ."

ಈ ಸಲದ ಹಡಗು ಬಂತು ನೋಡಿ! ಆಚೆ ದಡದ ಚರ್ಚಿನ ಗೋಪುರ ಮರೆಯಾಯಿತು, ಮಧ್ಯಾಹ್ನದ ಸೂರ್ಯನೇ ಮರೆಯಾದ. ಸಂಜೆಯಾಯಿತೆಂದುಕೊಂಡು ಕುರಿಗಳು ದೊಡ್ಡಿಯ ಕಡೆ ಹೊರಟವು. ಏರಿಯ ಮೇಲಿನ ಜನ ಕೇಕೆ ಹಾಕಿದರು. ಗೇಶೆ ಮೂರನೆಯ ಬಟ್ಟಲು ಮುಗಿಸಿ, ರೂಢಿಯಂತೆ ಚಮಚ ನಿಲ್ಲಿಸಿ ತಲೆಯೆತ್ತಿದಳು. ಹಡಗು ಇನ್ನೂ ಹೋಗುತ್ತಲೇ ಇತ್ತು.

ರೆಂಕೊ ಕೆಟಲ್ ಎತ್ತಿಡುತ್ತ, "ನೋಡ್ದ್ಯಾ ಅಕ್ಕ? ಇದಂತೂ ಕೊನೇದೇ" ಎಂದ.

"ಬಾಯ್ ಮುಚ್ಚೋ ಮಾರಾಯ!" ಗೇಶೆ ಚಮಚ ಹೊರಗೆ ತೆಗೆದು, ಜೀವಮಾನದಲ್ಲೇ ಮೊದಲ ಬಾರಿಗೆ ನಾಲ್ಕನೆಯ ಸಲ ಬಟ್ಟಲು ಚಾಚಿದಳು. "ಬಗ್ಸು. ಮುಂದಿನ್ ಸಲ ಬರೋವಾಗ ದೊಡ್ಡ ಕೆಟಲ್ ತಗೊಂಬಾ."