ಮಡಗಾಂವದಿಂದ ಬಂದ ಆಟದ ಪೆಟ್ಟಿಗೆ

ಹಳಿಯಾಳದಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ ಸುಭಾಸನಿಗೆ, ಎಲ್ಲೋ ನಾಣ್ಯ ಹಾಕಿ ಆಡುವ ಹಳೆಯ ಆಟದ ಪೆಟ್ಟಿಗೆ ಮಾರಾಟಕ್ಕಿದೆ ಎಂದು ಕಿವಿಗೆ ಬಿದ್ದರೆ ಊಟ ಸೇರುತ್ತಿರಲಿಲ್ಲ. ಎದುರಿಗೇ ಸೈಬರ್ ಕೆಫೆ ತೆರೆದು ಗಿರಾಕಿಗಳೆಲ್ಲ ಅತ್ತ ಹೋದ ಮೇಲೂ, "ಚಲೋ ಪೆಟಗಿ ಬಂದ್ರ ತಿರುಗಿ ಬರ್ತಾರ" ಎನ್ನುತ್ತ ಟೆಂಪೊ ಹಿಡಿದು, ಜೋಯಿಡಾದ ಕಾಡು ದಾಟಿ ಗೋವಾದವರೆಗೂ ಹೋಗುತ್ತಿದ್ದ. ಬರುವಾಗ ಹಿಂದೆ ಕೂತು ಪೆಟ್ಟಿಗೆಯನ್ನು ತಬ್ಬಿಕೊಂಡು, ತಿರುವು ಬಂದಾಗಲೆಲ್ಲ "ಸಾವಕಾಶ ನಡಸ್ರಿ, ಗಾಜು ಐತಿ" ಎಂದು ಕೂಗುತ್ತಿದ್ದ. ತಂದದ್ದರಲ್ಲಿ ಒಂದೂ ಸರಿಯಿರುತ್ತಿರಲಿಲ್ಲ. ಆಡಿ ನೋಡದೆ ತರುವ ಹುಚ್ಚ ಎಂದು ಊರವರು ನಗುತ್ತಿದ್ದರು. ಕಟ್ಟಿಗೆ ಕೊಯ್ಯುವ ಮಿಲ್ಲಿನಲ್ಲಿ ಬಲಗೈ ಬೆರಳುಗಳನ್ನು ಕಳೆದುಕೊಂಡವನು ಆಡುವುದಾದರೂ ಹೇಗೆ? ಮಾರುವವರ ಮುಂದೆ ಆ ಕೈಯನ್ನು ಕಿಸೆಯಿಂದ ತೆಗೆಯದೆ, ಪರದೆ ಬೆಳಗಿದರೆ ಸಾಕು, "ಬರೊಬ್ಬರಿ ಐತಿ" ಎಂದುಬಿಡುತ್ತಿದ್ದ. ಅಂಗಡಿಯನ್ನು ಕಾಯಮ್ಮಾಗಿ ಮುಚ್ಚುವ ಮುನ್ನ ಇದೊಂದು ಕೊನೆಯದು ಎಂದು ಗೋವಾದ ಮಡಗಾಂವದಿಂದ ತಂದ ಪೆಟ್ಟಿಗೆಯನ್ನು ಹೆಂಡತಿ ಮಧುಮತಿ ಆಡಿ ನೋಡಿದಳು. ಹಿಡಿಕೆ ಎಡಕ್ಕೆ ಹೊರಳಲೇ ಇಲ್ಲ. ಪರದೆಯ ವಿಮಾನ ಬಲದ ಅಂಚಿನಲ್ಲೇ ನಿಂತು, ಗುಂಡು ತಗುಲಿ ಸುಟ್ಟುಹೋಯಿತು. "ಪೆಟಗಿ ಚಲೋ ಐತ್ರಿ, ನನಗ ಆಡಾಕ ಬರಂಗಿಲ್ಲ" ಎಂದಳು. ಎಡಕ್ಕೆ ಒತ್ತಿ ಒತ್ತಿ ಅವಳ ಅಂಗೈ ಕೆಂಪಾದದ್ದನ್ನು ಅವನು ನೋಡಿದ್ದ. "ರೂಢಿ ಆಗ್ತೈತಿ ತಗೋ" ಎಂದು ಸ್ವಿಚ್ ಆರಿಸಿದ.