ನಲ್ಲಿ ಕಟ್ಟೆಯಲ್ಲಿ ನಾನಾಡಿದ ಮಾತು

ಅಣ್ಣ ದಿಲ್ಲಿಗೆ ಹೋದದ್ದು ಕೆಲಸದ ಸಂದರ್ಶನಕ್ಕೆ. ಹೋದ ಐದನೆಯ ದಿನ ಮಧ್ಯಾಹ್ನ ಟೆಲಿಗ್ರಾಂ ಬಂತು. ಅವ್ವ ಬಾಗಿಲಲ್ಲಿ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಒಡೆದು ಓದಿದವಳು ನಾನು. ಬಸ್ಸಿನಲ್ಲಿ ಬಾಂಬ್ ಸಿಡಿದಿದೆ, ಹುಡುಗ ಆಸ್ಪತ್ರೆಯಲ್ಲಿದ್ದಾನೆ, ಕೂಡಲೇ ಹೊರಟು ಬನ್ನಿ ಎಂದಷ್ಟೇ ಇತ್ತು. ಆಸ್ಪತ್ರೆ ಎಂಬ ಒಂದು ಪದ ಹಿಡಿದುಕೊಂಡು, ಜೀವ ಇದೆ ಎಂದು ನಾವೇ ನಂಬಿಕೊಂಡೆವು.

ಎಂಬತ್ತರ ದಶಕದ ನಡುವಿನ ದಿನಗಳು ಅವು. ದಾವಣಗೆರೆಯ ಬಟ್ಟೆ ಮಿಲ್ಲಿನ ಹಿಂದಿನ ಓಣಿಯಲ್ಲಿ ನಮ್ಮ ಮನೆ. ಅಪ್ಪ ದಾವಣಗೆರೆಯಿಂದ ಹರಿಹರಕ್ಕೆ ಓಡುವ ಖಾಸಗಿ ಬಸ್ಸಿನ ಡ್ರೈವರ್. ನಾನು ಬಿ.ಎ. ಕೊನೆಯ ವರ್ಷದಲ್ಲಿದ್ದೆ. ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಉತ್ತರ ಪ್ರದೇಶದಿಂದ ಬಂದ ಮುಸ್ಲಿಂ ದಂಪತಿ ಬಾಡಿಗೆಗಿದ್ದರು. ಅವರನ್ನು ನಾವು ಚಾಚಾ, ಚಾಚಿ ಎನ್ನುತ್ತಿದ್ದೆವು. ಚಾಚಾ ಹರಿಹರದ ಒಂದು ಗ್ಯಾರೇಜಿನಲ್ಲಿ ಬಸ್ಸಿನ ಸೀಟು ಹೊಲಿಯುತ್ತಿದ್ದರು. ಹರಿದ ರೆಕ್ಸಿನ್ ಕಿತ್ತು, ಒಳಗೆ ಹೊಸ ನಾರು ತುಂಬಿ, ದಬ್ಬಣದಿಂದ ಬಿಗಿಯಾಗಿ ಹೊಲಿದುಕೊಡುವ ಕೆಲಸ. ಅಪ್ಪನೇ ಅವರನ್ನು ಅಲ್ಲಿ ಕಂಡು, ಮನೆ ಹುಡುಕುತ್ತಿದ್ದಾರೆಂದು ಗೊತ್ತಾಗಿ ಕರೆದುಕೊಂಡು ಬಂದಿದ್ದ. ಓಣಿಯವರಿಗೆ ಮಾತ್ರ ಅವರು ‘ದಿಲ್ಲಿ ಸಾಬ್ರು’. ದಿಲ್ಲಿಯಲ್ಲಿ ರೈಲು ಬದಲಿಸಿದ್ದು ಬಿಟ್ಟರೆ ಅವರು ಆ ಊರು ನೋಡಿರಲಿಲ್ಲ. ಆದರೆ ಹಿಂದಿ ಮಾತಾಡುವವರೆಲ್ಲ ನಮ್ಮ ಓಣಿಗೆ ದಿಲ್ಲಿಯವರೇ.

ಅಪ್ಪ ಅಂದೇ ರೈಲು ಹತ್ತಿದ. ದಿಲ್ಲಿಯಲ್ಲಿ ಭಾಷೆ ತಿಳಿಯದೆ ತೊಂದರೆ ಆಗಬಾರದೆಂದು ಚಾಚಾ ಹಿಂದಿಯ ಹತ್ತಾರು ವಾಕ್ಯ ಹೇಳಿ, ಅವನ್ನು ಒಂದು ಹಾಳೆಯಲ್ಲಿ ನನ್ನಿಂದ ಕನ್ನಡ ಅಕ್ಷರದಲ್ಲಿ ಬರೆಸಿ ಅಪ್ಪನ ಜೇಬಿಗಿಟ್ಟರು. ‘ವಾರ್ಡ್ ಎಲ್ಲಿದೆ?’, ‘ನಾನು ಅವನ ತಂದೆ’, ‘ಡಾಕ್ಟರು ಯಾವಾಗ ಬರುತ್ತಾರೆ?’ ಹೀಗೆ.

ಮರುದಿನದ ಪೇಪರಿನಲ್ಲಿ ಸುದ್ದಿ ಬಂತು. ಬಾಂಬನ್ನು ಚೀಲದಲ್ಲಿ ಹಾಕಿ ಸೀಟಿನ ಕೆಳಗೆ ಇಟ್ಟಿದ್ದರಂತೆ. ಯಾರು ಇಟ್ಟರೆಂದು ಇನ್ನೂ ಗೊತ್ತಾಗಿರಲಿಲ್ಲ. ನಾಲ್ಕನೆಯ ದಿನ ಅಪ್ಪನ ತಂತಿ: ಜೀವಕ್ಕೆ ಅಪಾಯವಿಲ್ಲ, ಎಡಗಾಲು ಮೊಣಕಾಲಿನ ಕೆಳಗೆ ತೆಗೆದಿದ್ದಾರೆ. ಅವ್ವ ಅಳಲಿಲ್ಲ. ಗೋಡೆಗೆ ಒರಗಿ ಕೂತವಳು ಹೊತ್ತು ಇಳಿದರೂ ಏಳಲಿಲ್ಲ. ಚಾಚಿ ಗಂಜಿ ಮಾಡಿಕೊಂಡು ಬಂದು ಅವಳ ಕೈ ಹಿಡಿದು ಕೂತರು.

ಮರುದಿನ ಬೆಳಿಗ್ಗೆ ಬೀದಿಯ ನಲ್ಲಿಗೆ ನೀರಿಗೆ ಹೋದೆ. ಹೆಂಗಸರು ಸುತ್ತುವರಿದರು. ಪಕ್ಕದ ಮನೆಯಾಕೆ ಕೇಳಿದಳು: “ಯಾರಂತೆ ಕಣವ್ವಾ ಇಟ್ಟಿದ್ದು? ಏನಾರ ಗೊತ್ತಾತೇನು?”

ನನಗೆ ಯಾರ ಮೇಲಾದರೂ ಸಿಟ್ಟು ಮಾಡಲೇಬೇಕಿತ್ತು. ದಿಲ್ಲಿಯ ಆ ಕಾಣದ ಕೈ ನನ್ನ ಸಿಟ್ಟಿಗೆ ನಿಲುಕುತ್ತಿರಲಿಲ್ಲ. “ಯಾರ್ ಇಡ್ತಾರೆ? ಇಂಥೋರೇ. ನಮ್ಮ ಮುಂದಿನ ಕೋಣ್ಯಾಗ ಅದಾರಲ್ಲ, ದಿನಾ ಬಸ್ಸಿನ ಸೀಟಿನ ಕೆಳಗೆ ಕೈ ಹಾಕೋರು,” ಎಂದುಬಿಟ್ಟೆ.

ನಾನು ಕೊಡ ಎತ್ತಿಕೊಂಡು ಬಂದೆ. ಅಂದದ್ದನ್ನು ಅರ್ಧ ದಾರಿಯಲ್ಲೇ ಮರೆತೆ ಎಂದರೆ ನಂಬುತ್ತೀರೋ ಇಲ್ಲವೋ.

ಓಣಿ ಮರೆಯಲಿಲ್ಲ. ನಾಲ್ಕು ದಿನಕ್ಕೆ ಆ ಮಾತು ಬಸ್ ಸ್ಟ್ಯಾಂಡಿಗೆ ಹೋಯಿತು. ವಾರ ತುಂಬುವಷ್ಟರಲ್ಲಿ ಹರಿಹರದ ಗ್ಯಾರೇಜಿಗೆ ಮುಟ್ಟಿತು. ಅಷ್ಟರಲ್ಲಿ ಅದಕ್ಕೆ ರೆಕ್ಕೆಪುಕ್ಕ ಬಂದಿದ್ದವು: ದಿಲ್ಲಿ ಸಾಬರ ಪೆಟ್ಟಿಗೆಯಲ್ಲಿ ವೈರು ಸಿಕ್ಕಿತಂತೆ, ಡ್ರೈವರನ ಮಗಳೇ ನೋಡಿದಳಂತೆ. ಮೊದಲು ಅವರೊಬ್ಬರ ಮೇಲಿದ್ದ ಅನುಮಾನ ಬರಬರುತ್ತ ಸಾಬರೆಲ್ಲರ ಮೇಲೂ ಹೊರಳಿತು. ನಮ್ಮೂರ ಆನೆಕೊಂಡದಲ್ಲೇ ಹುಟ್ಟಿ ಬೆಳೆದು, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದ, ಗಾದಿ ಅಂಗಡಿಯ ಮುಸ್ಲಿಂ ಮುದುಕನ ಹತ್ತಿರವೂ ನಮ್ಮ ಓಣಿಯವರು ಅರಳೆ ತುಂಬಿಸುವುದನ್ನು ಬಿಟ್ಟರು. ಅವ್ವನ ಕಿವಿಗೂ ಮಾತು ಬಿತ್ತು. ಚಾಚಿ ತಂದ ಗಂಜಿಯನ್ನು ಅವಳು ಬಾಯಿಗಿಡದೆ, ಪಾತ್ರೆಯನ್ನು ಹಾಗೇ ಹೊಸ್ತಿಲ ಆಚೆಗಿಟ್ಟಳು. ಚಾಚಿ ಅದನ್ನು ಎತ್ತಿಕೊಂಡು ಹೋದರು. ಒಳಗಿನಿಂದ ನೋಡುತ್ತಿದ್ದ ನಾನು ಸುಮ್ಮನಿದ್ದೆ. ಅದು ನನ್ನ ಎರಡನೆಯ ತಪ್ಪು, ಮೊದಲನೆಯದಕ್ಕಿಂತ ದೊಡ್ಡದು.

ತಿಂಗಳು ಕಳೆದ ಮೇಲೆ ಅಪ್ಪ ಅಣ್ಣನನ್ನು ಕರೆದುಕೊಂಡು ಬಂದ. ಸ್ಟೇಷನ್ನಿನಿಂದ ಜಟಕಾದಲ್ಲಿ ಬಂದಿಳಿದಾಗ ಅಣ್ಣನನ್ನು ಎತ್ತಿಕೊಳ್ಳಲು ಚಾಚಾ ಓಡಿ ಬಂದರು. ಅಲ್ಲಿ ಸೇರಿದ್ದವರು ಹಿಂದೆ ಸರಿದದ್ದನ್ನು ಅಪ್ಪ ಗಮನಿಸಿದ.

ಮರುದಿನ ಬೆಳಿಗ್ಗೆ ಡ್ಯೂಟಿಗೆ ಹೋದವನು ಮಧ್ಯಾಹ್ನಕ್ಕೇ ಚಾಚಾನನ್ನು ಕರೆತಂದು, ಅವರ ಕೋಣೆಗೆ ಬಿಟ್ಟು ಒಳಗೆ ಬಂದ.

“ಚಾಚಾನ್ನ ಗ್ಯಾರೇಜಿಗೆ ಬರಬ್ಯಾಡ ಅಂದಾರಂತೆ. ಎರಡು ವಾರ ಆತಂತೆ. ಆ ಮನುಷ್ಯ ದಿನಾ ಡಬ್ಬಿ ಕಟ್ಟಿಸ್ಕೊಂಡು ಹೋಗಿ ತುಂಗಭದ್ರೆ ದಂಡ್ಯಾಗ ಕೂತು ಬರ್ತಾನಂತೆ, ಹೆಂಡ್ತಿಗೆ ಗೊತ್ತಾಗಬಾರ್ದು ಅಂತ. ಯಾರು ಹುಟ್ಟಿಸಿದ್ರು ಈ ಮಾತ್ನ?”

“ನಾನು, ಅಪ್ಪಾ,” ಅಂದೆ. ಎರಡನೆಯ ಸಲ ಹೇಳಬೇಕಾಯಿತು.

ಅಪ್ಪ ಕೈಯೆತ್ತುವವನಲ್ಲ. ಆದರೂ ಅವನ ಮುಖ ನೋಡಿ ಒಂದು ಏಟು ಬಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಮಂಚದ ಮೇಲಿದ್ದ ಅಣ್ಣ ಮಾತಾಡಿದ. ಬಂದಾಗಿನಿಂದ ಅವನು ಆಡಿದ ಮೊದಲ ಉದ್ದದ ಮಾತು ಅದು.

“ಯಾರ್ ಇಟ್ರು ಅಂತ ನನಗ ಗೊತ್ತಿಲ್ಲ. ನನ್ನನ್ನ ಬಸ್ಸಿಂದ ಎಳ್ಕೊಂಡು, ಹೆಗಲ ಮ್ಯಾಲೆ ಹಾಕ್ಕೊಂಡು ಓಡಿದೋರು ಯಾರು ಅಂತಾನೂ ಗೊತ್ತಿಲ್ಲ. ಹೊಗಿಯಾಗ ಮುಖ ಕಾಣ್ಲಿಲ್ಲ. ಪೊಲೀಸ್ರು ಹುಡುಕ್ತಾ ಅದಾರೆ. ಸಿಕ್ಕೋನಿಗೆ ಶಿಕ್ಷೆ ಆಗ್ಲಿ, ನನಗೂ ಬೇಕು ಅದು. ಆದ್ರ ನನ್ನ ಕಾಲಿನ ಲೆಕ್ಕಾನ ಚಾಚಾನ ಹತ್ರ ಕೇಳ್ಬ್ಯಾಡ್ರಿ.”

ಅಪ್ಪ ಎದ್ದ. “ಬಾಯಿಂದ ಹೋದದ್ದನ್ನ ಬಾಯಿಂದ್ಲೇ ತರಬೇಕು. ನಡಿ.”

ಮೊದಲು ಮುಂದಿನ ಕೋಣೆಗೆ ಹೋದೆವು. ನಾನು ತಲೆ ತಗ್ಗಿಸಿ ಹೇಳಿದೆ. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಾಚಾ ತಮ್ಮ ಕನ್ನಡದಲ್ಲಿ ಹೇಳಿದರು: “ಬೇಟಿ, ನನ್ಗೆ ಹೇಳಿ ಏನು ಉಪಯೋಗ? ನಾನು ಮಾಡಿಲ್ಲ ಅಂತ ನನ್ಗೆ ಗೊತ್ತಿತ್ತು. ಗೊತ್ತಿಲ್ದೇ ಇರೋರಿಗೆ ಹೋಗಿ ಹೇಳು.”

ಅಲ್ಲಿ ಕ್ಷಮೆ ಸಿಕ್ಕಿತೆಂದು ನಾನು ಹೇಳಲಾರೆ. ನಾನು ಮಾಡಬೇಕಾದ ಕೆಲಸ ಮಾತ್ರ ಸಿಕ್ಕಿತು.

ಅದೇ ಮಧ್ಯಾಹ್ನ ಅಪ್ಪನ ಜೊತೆ ಹರಿಹರದ ಗ್ಯಾರೇಜಿಗೆ ಹೋದೆ. ಚಾಚಾನೂ ಬಂದರು. ಮಾಲೀಕರು, ಮೆಕ್ಯಾನಿಕ್ಕುಗಳು, ಕಂಡಕ್ಟರುಗಳು ನಿಂತಿದ್ದರು. ಅಷ್ಟು ಗಂಡಸರ ನಡುವೆ ನಾನು ಎಂದೂ ಬಾಯಿ ತೆರೆದವಳಲ್ಲ. “ಪೆಟ್ಟಿಗ್ಯಾಗ ನಾನು ಏನೂ ನೋಡಿಲ್ಲ. ಅಣ್ಣನ ಸಂಕಟಕ್ಕ ಬಾಯಿಗೆ ಬಂದಿದ್ದು ಅಂದೆ. ಅದು ಸುಳ್ಳು,” ಎಂದೆ.

ಮಾಲೀಕರು ಕೆಟ್ಟವರಲ್ಲ. ತಲೆ ಕೆರೆದುಕೊಂಡರು. “ನೀನು ಹೇಳಿದ್ದು ಸರಿ ಐತವ್ವಾ. ಆದ್ರ ಪ್ಯಾಸೆಂಜರ್ ಕೇಳ್ಬೇಕಲ್ಲ? ಪೇಪರ್ ಓದಿ ಜನ ಹೆದರ್ಯಾರೆ. ಆ ಹೆದರಿಕೆ ಸುಳ್ಳಲ್ಲ.”

“ಸುಳ್ಳಲ್ರಿ,” ಅಂದ ಅಪ್ಪ. “ಮಗನ ಕಾಲು ನೋಡಿ ಬಂದೋನು ನಾನು, ನನಗಿಂತ ಹೆದರಿಕೆ ಯಾರಿಗೈತೆ? ಹೆದರಿಕೆ ಇದ್ರ ಟ್ರಿಪ್ಪಿಗೊಂದ್ಸಲ ಬಗ್ಗಿ ಸೀಟಿನ ಕೆಳಗೆ ನೋಡಾಣ. ಈ ಮನುಷ್ಯನ್ನ ಮನ್ಯಾಗ ಕೂಡ್ಸಿದ್ರ ಯಾವ ಬಸ್ಸು ಕಾಯ್ದಂಗಾತು?”

ಚಾಚಾ ಅಷ್ಟರಲ್ಲಿ ಅಲ್ಲೇ ನಿಂತಿದ್ದ ಬಸ್ಸು ಹತ್ತಿದ್ದರು. ಒಂದು ಸೀಟಿನ ಮುಂದೆ ಮಂಡಿಯೂರಿ, ಕೆಳಗೆ ಲಂಗದಂತೆ ಇಳಿಬಿದ್ದಿದ್ದ ರೆಕ್ಸಿನ್ನಿನ ಅಂಚನ್ನು ಎತ್ತಿ ತೋರಿಸಿದರು. ಅಂದಕ್ಕೆಂದು ಬಿಡುತ್ತಿದ್ದ ಅಂಚು ಅದು. “ಇದು ಇದ್ರೆ ಕೆಳಗೆ ಏನಿದೆ ಕಾಣಲ್ಲ. ಇದನ್ನ ತೆಗೆದುಬಿಡೋಣ. ಎಲ್ಲಾ ಸೀಟು ಮೇಲಕ್ಕೆ ಬಿಗಿದು ಹೊಲಿದು ಕೊಡ್ತೀನಿ. ಕಂಡಕ್ಟರ್ ಬಾಗಿಲಲ್ಲಿ ನಿಂತು ಬಗ್ಗಿದ್ರೆ ಕೊನೆ ಸೀಟಿನವರೆಗೂ ಕಾಣಬೇಕು.”

ಮಾಲೀಕರು ತಾವೇ ಬಸ್ಸಿನ ಮೆಟ್ಟಿಲ ಮೇಲೆ ಬಗ್ಗಿ ನೋಡಿದರು. ಒಂದೇ ಬಸ್ಸಿಗೆ ಮಾಡಿ ನೋಡೋಣ ಎಂದರು. ಅಪ್ಪ ಕೇಳಿಕೊಂಡು, ಆ ಒಂದು ಬಸ್ಸು ತನ್ನದೇ ಆಗುವಂತೆ ಮಾಡಿಸಿಕೊಂಡ.

ನಲ್ಲಿಯ ಹತ್ತಿರ ಹೇಳುವುದು ಗ್ಯಾರೇಜಿಗಿಂತ ಕಷ್ಟವಾಯಿತು. ಒಬ್ಬಾಕೆ, “ಈಗ ಹೆದರಿ ಹಿಂಗಂತಿ,” ಎಂದಳು. ಇನ್ನೊಬ್ಬಾಕೆ ಕೊಡ ಎತ್ತಿಕೊಂಡು ಹೋಗಿಯೇಬಿಟ್ಟಳು. ಒಂದೇ ಸಲಕ್ಕೆ ಮುಗಿಯಲಿಲ್ಲ. ಎಷ್ಟೋ ದಿನ, ಮಾತು ಎದ್ದಲ್ಲೆಲ್ಲ ಅದನ್ನೇ ಹೇಳಿದೆ. ಅವ್ವ ಯಾರೆದುರೂ ಏನೂ ಹೇಳಲಿಲ್ಲ. ಒಂದು ಸಂಜೆ ಚಾಚಿಯ ಅಡುಗೆಮನೆಗೆ ಹೋಗಿ ಕೂತು, “ಹಸಿವಾಗೈತೆ, ಏನಾರ ಹಾಕು,” ಎಂದಳಂತೆ. ಇಬ್ಬರೂ ಅತ್ತರೆಂದು ಚಾಚಿಯೇ ಆಮೇಲೆ ನನಗೆ ಹೇಳಿದರು.

ಗ್ಯಾರೇಜಿನ ಬಸ್ಸುಗಳೆಲ್ಲ ಒಂದೊಂದಾಗಿ ಚಾಚಾನ ಕೈಗೆ ಬಂದವು. ಪ್ರತಿ ಟ್ರಿಪ್ಪಿಗೂ ಕಂಡಕ್ಟರ್ ಬಗ್ಗಿ ನೋಡುವುದು ರೂಢಿಯಾಯಿತು. ವಾರಸುದಾರರಿಲ್ಲದ ಚೀಲ ಕಂಡರೆ ಮೊದಲು ಜನರನ್ನು ಇಳಿಸುತ್ತಿದ್ದರು, ಆಮೇಲೆ ಪೊಲೀಸರಿಗೆ ಹೇಳಿಕಳಿಸುತ್ತಿದ್ದರು. ಒಮ್ಮೆ ಹೀಗೆ ಸಿಕ್ಕ ಚೀಲದಲ್ಲಿ ಹದಡಿ ಹಳ್ಳಿಯ ಯಾರೋ ಮರೆತುಹೋದ ಬದನೆಕಾಯಿ ಇದ್ದವು. ಪೊಲೀಸರೂ ನಕ್ಕರಂತೆ. ಗಾದಿ ಅಂಗಡಿಯ ಮುದುಕನ ಹತ್ತಿರ ನಾನೇ ನಮ್ಮ ಮನೆಯ ಹಳೆಯ ಗಾದಿ ಒಯ್ದೆ; ನಿಧಾನವಾಗಿ ಓಣಿಯವರೂ ಹೋದರು. ಎಲ್ಲರೂ ಅಲ್ಲ.

ಅಣ್ಣ ಮಾತ್ರ ಬಸ್ಸು ಹತ್ತುತ್ತಿರಲಿಲ್ಲ. ಹಾರ್ನ್ ಕೇಳಿದರೆ ಬೆವರುತ್ತಿದ್ದ. ಕೃತಕ ಕಾಲು ಬಂದು, ಕೋಲಿಲ್ಲದೆ ನಡೆಯಲು ಕಲಿತರೂ ಎಲ್ಲಿಗಾದರೂ ಸೈಕಲ್ ರಿಕ್ಷಾದಲ್ಲೇ ಹೋಗುತ್ತಿದ್ದ. ಅವನನ್ನು ಹರಿಹರದ ಆಚೆಯ ಉಕ್ಕಡಗಾತ್ರಿಯ ಗುಡಿಗೆ ಕರೆದುಕೊಂಡು ಬರುತ್ತೇನೆಂದು ಅವ್ವ ಹರಕೆ ಹೊತ್ತಿದ್ದಳು. ಒಂದು ಭಾನುವಾರ ಅದಕ್ಕೆಂದೇ ಅಪ್ಪ ಬಸ್ಸನ್ನು ಓಣಿಯ ಬಾಯಿಗೇ ತಂದು ನಿಲ್ಲಿಸಿದ. ಚಾಚಾ ಮೊದಲು ಹತ್ತಿ, ಮುಂದಿನಿಂದ ಹಿಂದಿನವರೆಗೆ ಬಗ್ಗಿ ಬಗ್ಗಿ ನೋಡಿ, ಅಣ್ಣನಿಗೆ ಕೈ ಚಾಚಿದರು. ಅಣ್ಣ ಫುಟ್‌ಬೋರ್ಡಿನ ಮೇಲೆ ಒಂದು ಕಾಲಿಟ್ಟು ನಿಂತೇ ಬಿಟ್ಟ. ಅಪ್ಪ ಅವಸರ ಮಾಡಲಿಲ್ಲ, ಎಂಜಿನ್ ಆಫ್ ಮಾಡಿ ಕಾದ.

ಕೊನೆಗೆ ಅವನು ಹತ್ತಿದ. ಹರಿಹರದವರೆಗೂ ಮುಂದಿನ ಸೀಟಿನ ಕಂಬಿ ಬಿಡಲಿಲ್ಲ. ಊರು ದಾಟಿ ಹೊಳೆಯ ಗಾಳಿ ಬೀಸಿದಾಗ, ಕಿಟಕಿ ಪಕ್ಕ ಕೂತಿದ್ದ ನನ್ನನ್ನು ಮೊಣಕೈಯಿಂದ ತಿವಿದ.

“ಸ್ವಲ್ಪ ಈ ಕಡಿ ಸರಿ. ನಾನು ಅಲ್ಲಿ ಕೂಡ್ತೀನಿ,” ಎಂದ.